ಮುಳುಗಡೆ ಫೋಟೋಗಳಿಗೊಂದು ಸೋರ್ಸ್ ಕೋಡ್

ಸಾಗರದ ಕಡೆ ಯಾವುದಾದರೂ ಹಳೇ ಮನೆಯ ಜಗಲಿಯಲ್ಲಿ ಕೂತು ಸ್ವಲ್ಪ ಹೊತ್ತು ಮಾತಾಡಿದರೆ ಮುಳುಗಡೆಯ ವಿಷಯ ಬಂದೇ ಬರುತ್ತದೆ. ಲಿಂಗನಮಕ್ಕಿ ಅಣೆಕಟ್ಟು ಎದ್ದಿದ್ದು 1964ರಲ್ಲಿ. ತುಂಬಿದರೆ ನೀರು 1819 ಅಡಿಗೆ ನಿಲ್ಲುತ್ತದೆ ಅನ್ನೋದು ಇಲ್ಲಿಯ ಮಕ್ಕಳಿಗೂ ಬಾಯಿಪಾಠ. ಆ ನೀರಿನ ಕೆಳಗೆ ಮನೆ, ಗದ್ದೆ, ಅಡಿಕೆ ತೋಟ, ದೇವಸ್ಥಾನ ಎಲ್ಲ ಹೋದವು. ಅದಕ್ಕಿಂತ ಮುಂಚೆ ಕಟ್ಟಿದ್ದ ಹಿರೇಭಾಸ್ಕರದ ಅಣೆಕಟ್ಟೂ ಒಳಗೇ ಹೋಯಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಅದು ಹೊರಗೆ ಕಾಣುತ್ತದೆ. ಜನ ಗಾಡಿ ಮಾಡಿಕೊಂಡು ನೋಡೋಕೆ ಹೋಗುತ್ತಾರೆ.

ಊರು ಬಿಟ್ಟು ಎದ್ದು ಬಂದವರ ಹತ್ತಿರ ಫೋಟೋ ಇರೋದೇ ಅಪರೂಪ. ಆಗ ಫೋಟೋ ತೆಗೆಸೋದು ಅಂದರೆ ಮದುವೆಗೆ, ಇಲ್ಲಾ ಯಾರೋ ಪೇಟೆ ನೆಂಟರು ಕ್ಯಾಮೆರಾ ಹಿಡಿದು ಬಂದಾಗ. ಹಾಗೆ ಉಳಿದ ನಾಲ್ಕಾರು ಫೋಟೋಗಳು ಮೆತ್ತಿನ ಮೇಲಿನ ಟ್ರಂಕಿನಲ್ಲೋ, ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲೋ ಇರುತ್ತವೆ. ನಮ್ಮ ಮಳೆಗಾಲ ಅವನ್ನೂ ಬಿಡುವುದಿಲ್ಲ. ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಇನ್ನು ಫೋಟೋ ಯಾವ ಲೆಕ್ಕ. ಗಾಜಿಗೆ ಅಂಟಿಕೊಂಡದ್ದನ್ನು ಬಿಡಿಸೋಕೆ ಹೋದರೆ ಮುಖವೇ ಗಾಜಿನ ಜೊತೆ ಕಿತ್ತು ಬರುತ್ತದೆ. ಅದಕ್ಕೆ ಗಾಜಿನ ಸಮೇತವೇ ಸ್ಕ್ಯಾನ್ ಮಾಡಬೇಕು.

ನೆಂಟರಿಷ್ಟರ ಮನೆ ಸುತ್ತಿ ಇಂಥ ಫೋಟೋಗಳನ್ನು ಸ್ಕ್ಯಾನ್ ಮಾಡಿಡುವುದು ನನಗೊಂದು ಹುಚ್ಚು. ಕೆಲವರು ತಾವೇ ಫೋನಿನಲ್ಲಿ ತೆಗೆದು ಕಳಿಸುತ್ತಾರೆ. ಹಳೇ ಪಟ್ಟೆ, ಪಹಣಿ, ಪರಿಹಾರದ ನೋಟೀಸು, ಕೈಬರಹದ ಲೆಕ್ಕದ ಪುಸ್ತಕ, ಎಲ್ಲವೂ ಸೇರಿಕೊಂಡಿವೆ. ಒಂದು ಕಾಪಿ ಮನೆಯಲ್ಲಿ, ಒಂದು ಶಿವಮೊಗ್ಗದಲ್ಲಿ ಅಕ್ಕನ ಮನೆಯಲ್ಲಿ, ಇನ್ನೊಂದು ಬೆಂಗಳೂರಿನ ಗೆಳೆಯನ ಹತ್ತಿರ. ಡಿಸ್ಕ್ ತುಂಬುತ್ತಾ ಬಂತು. ಹೊಸದು ತಗೊಳ್ಳೋದು ಸುಲಭದ ದಾರಿ, ಆದರೆ ಒಂದು ತಗೊಂಡರೆ ಮೂರು ತಗೋಬೇಕು. ಇನ್ನು ಆನ್‌ಲೈನ್ ಅಂದರೆ, ನಮ್ಮ ಮನೆಯ ನೆಟ್ಟಿನಲ್ಲಿ ಅಷ್ಟನ್ನು ಅಪ್‌ಲೋಡ್ ಮಾಡುವ ಹೊತ್ತಿಗೆ ಇನ್ನೊಂದು ಕೊಯ್ಲು ಮುಗಿದಿರುತ್ತದೆ.

ಕ್ವಾಲಿಟಿ ಸ್ವಲ್ಪ ಕಡಿಮೆ ಮಾಡಿ ಮತ್ತೆ ಸೇವ್ ಮಾಡಿದರೆ ಆಯಿತಲ್ಲ ಅಂತ ಹಲವರು ಹೇಳಿದರು. ಬೇಡ ಅಂತ ನಾನು ಹಠ ಹಿಡಿದದ್ದಕ್ಕೆ ಕಾರಣ ಇದೆ. ಅದನ್ನು ಹೇಳಬೇಕಾದರೆ ಜೆಪೆಗ್, ಅಂದರೆ ಫೋಟೋವನ್ನು ಚಿಕ್ಕದಾಗಿ ಒತ್ತಿಡುವ ಫೈಲ್ ಮಾದರಿ, ಅದರ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ನೋಡಬೇಕು.

ಜೆಪೆಗ್ ಮೊದಲು ಚಿತ್ರವನ್ನು ಎಂಟು ಪಿಕ್ಸೆಲ್ ಉದ್ದ, ಎಂಟು ಪಿಕ್ಸೆಲ್ ಅಗಲದ ಚೌಕಗಳಾಗಿ ಕತ್ತರಿಸುತ್ತದೆ. ಒಂದೊಂದು ಚೌಕದಲ್ಲೂ 64 ಸಂಖ್ಯೆ. ಅವನ್ನು ಲೆಕ್ಕ ಹಾಕಿ ಬೇರೆ ಬಗೆಯ 64 ಸಂಖ್ಯೆಗಳಾಗಿ ಬದಲಾಯಿಸುತ್ತದೆ. ಮೊದಲನೆಯದು ಆ ಚೌಕದ ಸರಾಸರಿ ಬೆಳಕು. ಆಮೇಲಿನವು ನಿಧಾನಕ್ಕೆ ಬದಲಾಗುವ ನೆರಳು ಬೆಳಕು. ಕೊನೇ ಕೊನೆಯವು ಸಣ್ಣ ಗೆರೆ, ಚುಕ್ಕಿ, ಕರಕರೆ. ಮಂಡಿಗೆ ಒಯ್ಯುವ ಮುಂಚೆ ಅಡಿಕೆಯನ್ನು ಬೆಟ್ಟೆ, ರಾಶಿ, ಗೊರಬಲು ಅಂತ ಆರಿಸಿ ಬೇರೆ ಮಾಡುತ್ತೇವಲ್ಲ, ಹಾಗೆ. ಬೇರೆ ಮಾಡಿದ್ದರಿಂದ ಒಂದು ಅಡಿಕೆಯೂ ಕಡಿಮೆಯಾಗುವುದಿಲ್ಲ. ಯಾವುದಕ್ಕೆ ಬೆಲೆ, ಯಾವುದನ್ನು ಬಿಟ್ಟರೂ ನಡೆಯುತ್ತದೆ ಅನ್ನೋದು ಮಾತ್ರ ಕಣ್ಣಿಗೆ ಕಾಣುತ್ತದೆ.

ನಷ್ಟ ಆಗೋದು ಮುಂದಿನ ಹೆಜ್ಜೆಯಲ್ಲಿ. ಒಂದೊಂದು ಸಂಖ್ಯೆಯನ್ನೂ ಒಂದು ಕೋಷ್ಟಕದ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಹತ್ತಿರದ ಪೂರ್ಣ ಸಂಖ್ಯೆಗೆ ತರುತ್ತದೆ. ಕ್ವಾಲಿಟಿ 90, ಕ್ವಾಲಿಟಿ 70 ಅಂತ ನಾವು ಜಾರಿಸುವ ಆ ಗುಂಡಿ ಬದಲಾಯಿಸೋದು ಈ ಕೋಷ್ಟಕವನ್ನೇ. ಸಣ್ಣ ವಿವರಗಳೆಲ್ಲ ಇಲ್ಲಿ ಸೊನ್ನೆಯಾಗುತ್ತವೆ. ಸೊನ್ನೆಗಳು ಸಾಲಾಗಿ ಬಂದರೆ ಬರೆದಿಡೋಕೆ ಜಾಗ ಬೇಡ. ಕೊನೆಗೆ, ಡೇವಿಡ್ ಹಫ್‌ಮನ್ 1952ರಲ್ಲಿ ತೋರಿಸಿಕೊಟ್ಟ ವಿಧಾನದಲ್ಲಿ ಪದೇ ಪದೇ ಬರುವುದಕ್ಕೆ ಚಿಕ್ಕ ಗುರುತು, ಅಪರೂಪದ್ದಕ್ಕೆ ಉದ್ದ ಗುರುತು ಕೊಟ್ಟು ಫೈಲ್ ಬರೆಯುತ್ತದೆ. ಇಲ್ಲಿ ನಷ್ಟ ಇಲ್ಲ.

ಒಮ್ಮೆ ಸೊನ್ನೆಯಾದ ವಿವರ ಮತ್ತೆ ಬರುವುದಿಲ್ಲ. ಇನ್ನೊಮ್ಮೆ ಕಡಿಮೆ ಕ್ವಾಲಿಟಿಗೆ ಸೇವ್ ಮಾಡಿದರೆ ಉಳಿದದ್ದರಲ್ಲೂ ಒಂದಷ್ಟು ಹೋಗುತ್ತದೆ. ಮದುವೆ ಚಪ್ಪರದ ಹಿಂದಿನ ಸಾಲಿನಲ್ಲಿ ನಿಂತವರ ಮುಖ ಮೊದಲೇ ಅಕ್ಕಿಕಾಳಿನಷ್ಟು. ಅದರಲ್ಲಿ ಕಳೆಯೋಕೆ ಏನಿದೆ?

ಈ 64ನ್ನು ಇನ್ನೊಂದು 64 ಮಾಡುವ ಲೆಕ್ಕಕ್ಕೆ ಡಿಸಿಟಿ ಅನ್ನುತ್ತಾರೆ. ಅದನ್ನು ಹೊಳೆಯಿಸಿದವರು ನಾಸಿರ್ ಅಹ್ಮದ್. ಬೆಂಗಳೂರಲ್ಲಿ ಹುಟ್ಟಿದವರು, ಬೆಂಗಳೂರಿನ ಯುವಿಸಿಇ ಅನ್ನುವ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದವರು. 1972ರಲ್ಲಿ ಈ ವಿಷಯದ ಮೇಲೆ ಕೆಲಸ ಮಾಡೋಕೆ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಅರ್ಜಿ ಹಾಕಿದರೆ ದುಡ್ಡು ಸಿಗಲಿಲ್ಲ. ಆದರೂ ಬಿಡದೆ ಟಿ. ನಟರಾಜನ್, ಕೆ. ಆರ್. ರಾವ್ ಅವರ ಜೊತೆ ಸೇರಿ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. ಇವತ್ತು ನಮ್ಮ ಫೋನಿನಲ್ಲಿರುವ ಹೆಚ್ಚುಕಡಿಮೆ ಪ್ರತಿ ಫೋಟೋ, ಪ್ರತಿ ವೀಡಿಯೋದಲ್ಲೂ ಆ ಲೆಕ್ಕವೋ ಅದರ ದಾಯಾದಿಯೋ ಇದೆ. ಯುವಿಸಿಇ ಶುರು ಮಾಡಿಸಿದವರು ವಿಶ್ವೇಶ್ವರಯ್ಯನವರು, 1917ರಲ್ಲಿ. ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹಿಂದೆ ಇದ್ದವರೂ ಅವರೇ. ಭದ್ರಾವತಿಯವರಿಗೆ ಇದನ್ನು ಹೇಳಿದರೆ ಕಾರ್ಖಾನೆಯ ಇವತ್ತಿನ ಸ್ಥಿತಿಯ ಕಡೆ ಮಾತು ತಿರುಗುತ್ತದೆ, ಅದು ಬೇರೆ ಕಥೆ.

ಇದನ್ನೆಲ್ಲ ಓದುವಾಗ ನನಗೆ ಒಂದು ತಮಾಷೆ ಗೊತ್ತಾಯಿತು. ನನ್ನ ಹತ್ತಿರ ಇರುವ ಫೋಟೋಗಳಲ್ಲಿ ಜಾಸ್ತಿ ಜಾಗ ತಿನ್ನೋದು ಬೂಷ್ಟು! ಒಂದು ಫೋಟೋ ಇದೆ. ಹುಲ್ಲಿನ ಮಾಡಿನ ಮನೆ, ಮುಂದೆ ಅಂಗಳ, ಮೇಲೆ ಖಾಲಿ ಆಕಾಶ. ಆಕಾಶ ಅಂದರೆ ಜೆಪೆಗ್‌ಗೆ ಸಸ್ತಾ. ಸರಾಸರಿ ಬೆಳಕು ಒಂದನ್ನು ಬರೆದರೆ ಸಾಕು, ಮಿಕ್ಕಿದ್ದೆಲ್ಲ ಸೊನ್ನೆ. ಆದರೆ ಎಡಗಡೆ ಮೂಲೆಯಿಂದ ಬೂಷ್ಟು ಜೇಡರ ಬಲೆಯಂತೆ ಹಬ್ಬಿದೆ. ಅದರ ಎಳೆ ಎಳೆಯೂ ಸಣ್ಣ ಗೆರೆ. ಆ ಮೂಲೆಯನ್ನು ಮಾತ್ರ ಕತ್ತರಿಸಿ ಸೇವ್ ಮಾಡಿ ನೋಡಿದೆ. ಅಷ್ಟೇ ಅಳತೆಯ ಆಕಾಶಕ್ಕಿಂತ ಎಷ್ಟೋ ಪಟ್ಟು ದೊಡ್ಡ ಫೈಲು. ಅಂಗಳದಲ್ಲಿ ನಿಂತ ಅಜ್ಜಿ ಯಾರು, ಬೂಷ್ಟು ಯಾವುದು ಅಂತ ಆ ಲೆಕ್ಕಕ್ಕೆ ಗೊತ್ತಿಲ್ಲ. ಎರಡೂ ಅದಕ್ಕೆ ವಿವರವೇ. ಹಾಗಂತ ಕ್ವಾಲಿಟಿ ಇಳಿಸಿದರೆ ಬೂಷ್ಟಿನ ಜೊತೆ ಅಜ್ಜಿಯ ಸೀರೆಯ ಅಂಚೂ ಹೋಗುತ್ತದೆ.

ಇಂಥ ಹೊತ್ತಿನಲ್ಲಿ ಜೆಪೆಗ್ ಎಕ್ಸ್‌ಎಲ್ ಕಣ್ಣಿಗೆ ಬಿತ್ತು. ಗೂಗಲ್‌ನ ಪಿಕ್, ಕ್ಲೌಡಿನರಿ ಅನ್ನುವ ಕಂಪನಿಯ ಎಫ್‌ಯುಐಎಫ್ ಅನ್ನುವ ಎರಡು ಪ್ರಸ್ತಾವಗಳನ್ನು ಸೇರಿಸಿ ಮಾಡಿದ ಹೊಸ ಮಾದರಿ ಇದು. ಐಎಸ್‌ಒ 18181 ಅಂತ ಇದರ ಮಾನಕದ ಸಂಖ್ಯೆ. ಇದರಲ್ಲಿ ಬೇಕಾದಷ್ಟು ವಿಶೇಷ ಇವೆ, ನನಗೆ ಬೇಕಾದದ್ದು ಒಂದೇ. ಈಗಾಗಲೇ ಇರುವ ಜೆಪೆಗ್ ಫೈಲನ್ನು ಕೊಟ್ಟರೆ ಇದು ಚಿತ್ರವನ್ನು ಬಿಡಿಸಿ ಹೊಸದಾಗಿ ಒತ್ತುವುದಿಲ್ಲ. ಭಾಗಿಸಿ ಬಂದ ಆ ಪೂರ್ಣ ಸಂಖ್ಯೆಗಳನ್ನು ಹಾಗೇ ಇಟ್ಟುಕೊಂಡು, ಕೊನೆಯ ಹಫ್‌ಮನ್ ಹೆಜ್ಜೆಯನ್ನು ಮಾತ್ರ ತೆಗೆದುಹಾಕಿ, ಅದರ ಜಾಗದಲ್ಲಿ ಹೊಸ ಕಾಲದ ವಿಧಾನ ಬಳಸುತ್ತದೆ. ಪೋಲೆಂಡಿನ ಯಾರೆಕ್ ಡೂಡಾ ಅವರ ಎಎನ್‌ಎಸ್ ಅನ್ನುವ ವಿಧಾನ ಅದು. ಜೊತೆಗೆ ಅಕ್ಕಪಕ್ಕದ ಚೌಕ ನೋಡಿ ಇಲ್ಲಿ ಏನಿರಬಹುದು ಅಂತ ಅಂದಾಜು ಮಾಡುತ್ತದೆ. ಫೈಲು ಸುಮಾರು ಐದನೇ ಒಂದು ಭಾಗ ಚಿಕ್ಕದಾಗುತ್ತದೆ. ಬೇಕಾದಾಗ ವಾಪಸ್ ತೆಗೆದರೆ ಅದೇ ಜೆಪೆಗ್, ಒಂದು ಬಿಟ್ ಕೂಡ ಹೆಚ್ಚುಕಡಿಮೆ ಇಲ್ಲದೆ.

ಇದನ್ನು ನಂಬೋಕೆ ನನಗೆ ಕಷ್ಟವಾಯಿತು. ಆಕಾಶದ ಆ ಫೋಟೋವನ್ನೇ ತಗೊಂಡು ಜೆಎಕ್ಸ್‌ಎಲ್ (ಜೆಪೆಗ್ ಎಕ್ಸ್‌ಎಲ್) ಮಾಡಿ, ಮತ್ತೆ ಜೆಪೆಗ್ ಮಾಡಿ, ಮೊದಲಿನದು, ವಾಪಸ್ ಬಂದದ್ದು, ಎರಡರ ಮೇಲೂ ಫೈಲಿನ ಬೆರಳಚ್ಚು ತೆಗೆಯುವ ಶಾ256 ಸಮ್ ಓಡಿಸಿದೆ. ಪರದೆಯ ಮೇಲೆ ಎರಡು ಉದ್ದನೆಯ ಸಾಲು. ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಹೋಲಿಸಬೇಕಾದ ಅಗತ್ಯವೇ ಇಲ್ಲ, ಅದಕ್ಕೂ ಕಮಾಂಡ್ ಇದೆ. ಆದರೂ ಬೆರಳಿಟ್ಟೇ ನೋಡಿದೆ. ಕ್ಯಾಮೆರಾ ಬರೆದ ದಿನಾಂಕ, ಸ್ಕ್ಯಾನರ್‌ನ ಹೆಸರು, ಎಲ್ಲ ಮೊದಲಿನಂತೆ ಇತ್ತು.

ಇಲ್ಲಿಗೆ ಮುಗಿಯಬೇಕಿತ್ತು ಅಲ್ವಾ? ನಾನಿಟ್ಟುಕೊಂಡಿರುವ ಡೆಬಿಯನ್ 12 ಅನ್ನುವ ಲಿನಕ್ಸ್‌ನಲ್ಲಿ ಈ ಮಾದರಿಯನ್ನು ಓದಿ ಬರೆಯುವ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಮುಗಳೂ ಬಳಸುವ ಕೋಡಿನ ಕಟ್ಟು, ಪ್ಯಾಕೇಜಾಗಿಯೇ ಸಿಗುತ್ತದೆ. ಅದರ ಹೆಸರು ಲಿಬ್‌ಜೆಎಕ್ಸ್‌ಎಲ್. ಒಂದು ಸಾಲಿನ ಕಮಾಂಡ್ ಹೊಡೆದರೆ ಆಯಿತು. ಆದರೆ ಅದು 0.7 ಆವೃತ್ತಿ. 2024ರಲ್ಲಿ ಬಂದ 0.10ರಲ್ಲಿ ದೊಡ್ಡ ಚಿತ್ರಗಳನ್ನು ತುಂಡು ತುಂಡಾಗಿ ಒತ್ತುವ ವ್ಯವಸ್ಥೆ ಬಂತು, ಮೆಮೊರಿ ಬಹಳ ಉಳಿಯಿತು. ಲೆಕ್ಕದ ಪುಸ್ತಕದ ಪುಟಗಳನ್ನು ನಾನು ಪಿಎನ್‌ಜಿ ಅನ್ನುವ ನಷ್ಟವಿಲ್ಲದ ಮಾದರಿಯಲ್ಲಿ ದೊಡ್ಡದಾಗಿ ಸ್ಕ್ಯಾನ್ ಮಾಡಿಟ್ಟಿದ್ದೇನೆ. ನಾಲ್ಕು ಜಿಬಿ ರ‍್ಯಾಮಿನ ಲ್ಯಾಪ್‌ಟಾಪಿಗೆ ಹೊಸ ಆವೃತ್ತಿಯೇ ಬೇಕು.

ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮಿನ ಮೂಲ ಬರಹ, ತಂದು ನಾನೇ ಬಿಲ್ಡ್ ಮಾಡೋಕೆ, ಅಂದರೆ ಅದನ್ನು ಓಡುವ ಪ್ರೋಗ್ರಾಂ ಆಗಿಸೋಕೆ, ಅದು ಒಂದು ಕಾರಣ. ಇನ್ನೊಂದು ಕಾರಣ ಹುಟ್ಟಿಸಿದವರು ನಮ್ಮ ದೊಡ್ಡಪ್ಪ. ಅವರಿಗೆ ಎಂಬತ್ತು ದಾಟಿದೆ. ಮುಳುಗಡೆಯ ಮನೆಯಲ್ಲಿ ಹುಟ್ಟಿದವರು. ನಾನು ಕಂಪ್ಯೂಟರ್ ಮುಂದೆ ಕೂತಿದ್ದನ್ನು ನೋಡಿ ಕೇಳಿದರು:

"ಅಲ್ದೋ ಮಾರಾಯ, ಈ ಹೊಸ ನಮೂನೆ ಫೈಲು ನನ್ನ ಮೊಬೈಲಲ್ಲಿ ಕಾಣ್ತದನಾ?"

"ಎಲ್ಲ ಮೊಬೈಲಲ್ಲಿ ಕಾಣಲ್ಲ ದೊಡ್ಡಪ್ಪ. ಬೇಕಾದಾಗ ಹಳೇ ನಮೂನೆಗೆ ತಿರುಗಿಸಿ ಕೊಡಬಹುದು."

"ತಿರುಗಿಸೋದು ಯಾರು? ನೀನು. ನೀನು ಇಲ್ಲದಿದ್ರೆ?"

ಉತ್ತರ ಇರಲಿಲ್ಲ. ಅವರ ಅನುಮಾನ ಸುಳ್ಳೂ ಅಲ್ಲ. ಕ್ರೋಮ್ ಬ್ರೌಸರ್ ಈ ಮಾದರಿಯನ್ನು ಪ್ರಯೋಗಕ್ಕೆ ಅಂತ ಸೇರಿಸಿಕೊಂಡು, ಬೇಡ ಅಂತ 2022ರಲ್ಲಿ ತೀರ್ಮಾನಿಸಿ, 110ನೇ ಆವೃತ್ತಿಯಲ್ಲಿ ತೆಗೆದುಹಾಕಿತ್ತು. ಮರುವರ್ಷ ಆಪಲ್ ತನ್ನ ಸಫಾರಿ 17ರಲ್ಲಿ ಸೇರಿಸಿತು. ದೊಡ್ಡ ಕಂಪನಿಗಳು ಹೀಗೆ ಒಳಗೆ ಹೊರಗೆ ಆಡುತ್ತವೆ. ಅವರ ತೀರ್ಮಾನದ ಮೇಲೆ ನಮ್ಮ ಊರಿನ ಫೋಟೋಗಳನ್ನು ನಿಲ್ಲಿಸೋಕೆ ನನಗೆ ಮನಸ್ಸಿಲ್ಲ.

ಹಳೇ ಜೆಪೆಗ್ ಹೇಗೆ ಉಳಿಯಿತು ಅಂತ ಯೋಚನೆ ಮಾಡಿದೆ. ಮಾನಕ ಅಧಿಕೃತವಾಗಿದ್ದು 1992ರ ಸೆಪ್ಟೆಂಬರಿನಲ್ಲಿ. ಅದಕ್ಕೂ ಹತ್ತಿರ ಹತ್ತಿರ ಒಂದು ವರ್ಷ ಮೊದಲೇ, 1991ರ ಅಕ್ಟೋಬರಿನಲ್ಲಿ, ಟಾಮ್ ಲೇನ್ ಮತ್ತು ಅವರ ಇಂಡಿಪೆಂಡೆಂಟ್ ಜೆಪೆಗ್ ಗ್ರೂಪ್ ಲಿಬ್‌ಜೆಪೆಗ್ ಅನ್ನು ಸೋರ್ಸ್ ಕೋಡ್ ಸಮೇತ ಬಿಟ್ಟಿಯಾಗಿ ಕೊಟ್ಟುಬಿಟ್ಟಿದ್ದರು. ಯಾರು ಬೇಕಾದರೂ ತಗೊಂಡು ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳಬಹುದಿತ್ತು, ಸೇರಿಸಿಕೊಂಡರು. ಅದರ ವಂಶದ್ದೇ ಆದ ಲಿಬ್‌ಜೆಪೆಗ್-ಟರ್ಬೊ ಇವತ್ತು ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಎಲ್ಲದರೊಳಗೂ ಇದೆ. ಜೊತೆಗೆ ಜೆಪೆಗ್ ಮಾನಕದ ದಾಖಲೆಯನ್ನು ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು. ಜೆಪೆಗ್ ಎಕ್ಸ್‌ಎಲ್‌ನ ಮಾನಕ ಹಾಗಲ್ಲ. ಐಎಸ್‌ಒಗೆ ದುಡ್ಡು ಕೊಟ್ಟು ಕೊಳ್ಳಬೇಕು. ಹಾಗಾಗಿ ನನ್ನಂಥವನಿಗೆ, ಈ ಫೈಲಿನೊಳಗೆ ಏನಿದೆ ಅಂತ ಹೇಳುವ, ಧರ್ಮಕ್ಕೆ ಸಿಗುವ ಗಟ್ಟಿ ದಾಖಲೆ ಅಂದರೆ ಆ ಲೈಬ್ರರಿಯ ಸೋರ್ಸ್ ಕೋಡೇ. ಬಿಎಸ್‌ಡಿ ಲೈಸೆನ್ಸ್ ಇದೆ. ಲೈಸೆನ್ಸಿನ ಪುಟವನ್ನು ಜೊತೆಗಿಟ್ಟರೆ ಎಷ್ಟು ಕಾಪಿ ಬೇಕಾದರೂ ಮಾಡಬಹುದು.

ಹಾಗಾದರೆ ಫೋಟೋ ಇರುವ ಡಿಸ್ಕಿನಲ್ಲೇ ಸೋರ್ಸ್ ಕೋಡೂ ಇರಲಿ. ನೆಟ್ ಇಲ್ಲದೆ, ನಾನಿಲ್ಲದೆ, ಡಿಸ್ಕಿನಲ್ಲಿ ಇರುವುದರಿಂದಲೇ ಯಾರಾದರೂ ಅದನ್ನು ಬಿಲ್ಡ್ ಮಾಡಿ ಫೋಟೋ ತೆಗೆಯೋಕೆ ಆಗಬೇಕು. ಆಗುತ್ತದಾ ಅಂತ ಮಾಡಿ ನೋಡದೆ ಹೇಳೋಕೆ ಬರಲ್ಲ. ಸುಮ್ನೆ ಕಾಪಿ ಮಾಡಿಟ್ಟರೆ ಅದು ದೇವರ ಮನೆಯಲ್ಲಿಟ್ಟ ಹಾಗೆ, ಯಾರೂ ಮುಟ್ಟುವುದಿಲ್ಲ.

ಮೊದಲ ಪಾಠ ಡೌನ್‌ಲೋಡ್‌ನಲ್ಲೇ ಇದೆ. ಬಿಡುಗಡೆಯ ಪುಟದಲ್ಲಿ ಸೋರ್ಸ್ ಕೋಡ್ ಅಂತಲೇ ಹೆಸರಿಟ್ಟ ಒಂದು ಚಿಕ್ಕ ಜಿಪ್ ಸಿಗುತ್ತದೆ. ಅದನ್ನು ಬಿಚ್ಚಿದರೆ ಥರ್ಡ್ ಪಾರ್ಟಿ ಅನ್ನುವ ಫೋಲ್ಡರಿನೊಳಗಿನ ಕೋಣೆಗಳು ಖಾಲಿ. ಲಿಬ್‌ಜೆಎಕ್ಸ್‌ಎಲ್ ಒಂಟಿಯಾಗಿ ನಿಲ್ಲುವುದಿಲ್ಲ. ಹೈವೇ ಬೇಕು, ಬ್ರಾಟ್ಲಿ ಬೇಕು, ಬಣ್ಣದ ಲೆಕ್ಕಕ್ಕೆ ಎಸ್‌ಕೆಸಿಎಂಎಸ್ ಬೇಕು. ಇವೆಲ್ಲ ಬೇರೆ ಬೇರೆ ಯೋಜನೆಗಳು, ಗಿಟ್ ಅನ್ನುವ ಕೋಡ್ ಇಡುವ ವ್ಯವಸ್ಥೆಯಲ್ಲಿ ಸಬ್‌ಮಾಡ್ಯೂಲ್ ಆಗಿ, ಅಂದರೆ ಬರೀ ಕೊಂಡಿಯಾಗಿ ಜೋಡಿಸಿರುತ್ತಾರೆ. ಜಿಪ್ ಮಾಡುವಾಗ ಅವು ಒಳಗೆ ಬರುವುದಿಲ್ಲ. ಅವನ್ನು ತರೋಕೆ ಅಂತಲೇ ಒಂದು ಸ್ಕ್ರಿಪ್ಟ್ ಇದೆ, ಆದರೆ ಅದು ಓಡಬೇಕಾದರೆ ನೆಟ್ ಬೇಕು. ಇಪ್ಪತ್ತು ವರ್ಷ ಬಿಟ್ಟು ಡಿಸ್ಕ್ ತೆಗೆದವನಿಗೆ ಆ ವಿಳಾಸಗಳು ಸಿಗುತ್ತವೆ ಅಂತ ಯಾರು ಹೇಳೋದು? ಅದಕ್ಕೆ ರಿಕರ್ಸಿವ್ ಅಂತ ಹೇಳಿ ಪೂರ್ತಿ ಕ್ಲೋನ್ ಮಾಡಬೇಕು, ಆಮೇಲೆ ಎಲ್ಲ ಕೋಣೆಯೊಳಗೂ ಇಣುಕಿ ನೋಡಬೇಕು. ನಾನು ಈ ಕೆಲಸವನ್ನು ಶಿವಮೊಗ್ಗದಲ್ಲಿ ಅಕ್ಕನ ಮನೆಯ ಫೈಬರ್ ನೆಟ್ಟಿನಲ್ಲಿ ಮುಗಿಸಿಕೊಂಡು, ಪೆನ್‌ಡ್ರೈವಿನಲ್ಲಿ ಊರಿಗೆ ತಂದೆ.

ಊರಿನಲ್ಲಿ ಆಷಾಢದ ಮಳೆ. ಬಿಲ್ಡ್‌ಗೆ ಮುಂಚೆ ಬೇಕಾದ್ದೆಲ್ಲ ಇದೆಯಾ ಅಂತ ನೋಡಿ ಸಿದ್ಧಮಾಡುವ ಸಿಮೇಕ್ ಓಡಿಸಿದರೆ ಅದು ಸರಸರನೆ ಸಾಲು ಬರೆಯುತ್ತಾ ಹೋಗುತ್ತದೆ: ಇದು ಸಿಕ್ಕಿತು, ಅದು ಸಿಗಲಿಲ್ಲ. ಬಹಳ ಜನ ಈ ಸಾಲುಗಳನ್ನು ಓದುವುದಿಲ್ಲ, ಕೊನೆಯಲ್ಲಿ ಕೆಂಪು ಬಂತಾ ಇಲ್ಲವಾ ಅಂತ ಮಾತ್ರ ನೋಡುತ್ತಾರೆ. ಓದಬೇಕು. ಉದಾಹರಣೆಗೆ ಗಿಫ್ ಲೈಬ್ರರಿ ಸಿಗದಿದ್ದರೆ ಸಿಮೇಕ್ ಗಲಾಟೆ ಮಾಡುವುದಿಲ್ಲ. ಸಿಗಲಿಲ್ಲ ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತದೆ. ಬಿಲ್ಡ್ ಚೆನ್ನಾಗಿಯೇ ಮುಗಿಯುತ್ತದೆ. ಆಮೇಲೆ ಯಾವತ್ತೋ ಗಿಫ್ ಕೊಟ್ಟಾಗ ಇದು ನನಗೆ ಓದೋಕೆ ಬರಲ್ಲ ಅನ್ನುತ್ತದೆ. ನಾನು ಬಿಲ್ಡ್ ಟೈಪ್ ರಿಲೀಸ್ ಅಂತ, ಟೆಸ್ಟಿಂಗ್ ಬೇಡ ಅಂತ ಹೇಳಿ ಮುಂದುವರಿದೆ. ಟೆಸ್ಟಿಂಗ್ ಬೇಡ ಅಂದರೆ ಗೂಗಲ್‌ಟೆಸ್ಟ್ ಅನ್ನುವ ಪರೀಕ್ಷೆಯ ಭಾಗ ಬಿಲ್ಡ್ ಆಗುವುದಿಲ್ಲ, ಸಮಯ ಉಳಿಯುತ್ತದೆ. ರಿಲೀಸ್ ಅಂತ ಹೇಳದಿದ್ದರೆ ಕೆಲವು ಯೋಜನೆಗಳಲ್ಲಿ ಆಪ್ಟಿಮೈಸ್ ಆಗದ ಪ್ರೋಗ್ರಾಂ ಸಿಕ್ಕಿ, ಒಂದು ಫೋಟೋಗೆ ಕಾಫಿ ಕುಡಿದು ಬರುವಷ್ಟು ಹೊತ್ತು ತಗೊಳ್ಳುತ್ತದೆ.

ನಂತರ ನಿಜವಾದ ಬಿಲ್ಡ್ ಮಾಡಿಸುವ ಮೇಕ್. ಪುಸ್ತಕದಲ್ಲಿ ಬರೆದಂತೆ, ಪ್ರೊಸೆಸರ್‌ನಲ್ಲಿ ಎಷ್ಟು ಕೋರ್ ಇವೆಯೋ ಅಷ್ಟು ಕೆಲಸ ಒಟ್ಟಿಗೆ ಮಾಡು ಅಂತ ಹೇಳಿದರೆ, ಸ್ವಲ್ಪ ಹೊತ್ತಿಗೆ ಮೌಸ್ ಅಲ್ಲಾಡುವುದು ನಿಂತುಹೋಯಿತು. ಡಿಸ್ಕ್ ಕರಕರ ಅನ್ನುತ್ತಿತ್ತು. ಆಮೇಲೆ ಒಂದು ಸಾಲು ಬಂತು: ಸಿಸಿ1ಪ್ಲಸ್ ಅನ್ನುವ ಪ್ರೋಗ್ರಾಂ ಕಿಲ್ಡ್. ಇದನ್ನು ಮೊದಲ ಸಲ ನೋಡಿದವರು ಕೋಡನ್ನು ಮಷೀನಿನ ಭಾಷೆಗೆ ತಿರುಗಿಸುವ ಕಂಪೈಲರ್‌ನಲ್ಲೇ ದೋಷ ಇದೆ ಅಂದುಕೊಳ್ಳುತ್ತಾರೆ, ಯಾಕೆಂದರೆ ಜೊತೆಗೆ ಫೇಟಲ್ ಎರರ್ ಅಂತಲೂ ಬರೆದಿರುತ್ತದೆ. ದೋಷ ಏನೂ ಇಲ್ಲ. ರ‍್ಯಾಮ್ ತೀರಿದಾಗ ಲಿನಕ್ಸ್ ಕರ್ನಲ್ ಯಾರು ಜಾಸ್ತಿ ತಿನ್ನುತ್ತಿದ್ದಾರೆ ಅಂತ ನೋಡಿ ಅವರನ್ನು ಮುಗಿಸುತ್ತದೆ, ಅಷ್ಟೇ.

ಇಷ್ಟು ಮೆಮೊರಿ ಯಾಕೆ ಬೇಕು ಅನ್ನೋದಕ್ಕೆ ಉತ್ತರ ಹೈವೇಯಲ್ಲಿದೆ. ಇವತ್ತಿನ ಪ್ರೊಸೆಸರ್‌ಗಳು ಒಂದೇ ಏಟಿಗೆ ನಾಲ್ಕು, ಎಂಟು, ಹದಿನಾರು ಸಂಖ್ಯೆಗಳನ್ನು ಕೂಡಿಸಿ ಗುಣಿಸಬಲ್ಲವು. ಆದರೆ ಎಲ್ಲ ಪ್ರೊಸೆಸರ್‌ಗೂ ಅದು ಒಂದೇ ರೀತಿ ಬರುವುದಿಲ್ಲ. ಹಳೆಯವಕ್ಕೆ ಎಸ್‌ಎಸ್‌ಇ4, ಹೊಸತಕ್ಕೆ ಎವಿಎಕ್ಸ್2, ಇನ್ನೂ ಹೊಸತಕ್ಕೆ ಇನ್ನೊಂದು. ಹೈವೇ ಏನು ಮಾಡುತ್ತದೆ ಅಂದರೆ, ಒಂದು ಸಲ ಬರೆದ ಕೋಡನ್ನೇ ಈ ಒಂದೊಂದಕ್ಕೂ ಬೇರೆ ಬೇರೆಯಾಗಿ ಕಂಪೈಲ್ ಮಾಡಿಸಿ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡುತ್ತದೆ. ಓಡುವಾಗ ಕೆಳಗೆ ಯಾವ ಪ್ರೊಸೆಸರ್ ಇದೆ ಅಂತ ನೋಡಿ ತಕ್ಕದ್ದನ್ನು ಆರಿಸಿಕೊಳ್ಳುತ್ತದೆ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಮಾಡಿದ ಬಿಲ್ಡನ್ನು ಹೊಸ ಮಷೀನಿಗೆ ಒಯ್ದರೆ ಅಲ್ಲಿ ತನ್ನಷ್ಟಕ್ಕೇ ವೇಗವಾಗಿ ಓಡುತ್ತದೆ. ಹಾಗಂತ ನನ್ನ ಲ್ಯಾಪ್‌ಟಾಪ್ ಎಂದೂ ಬಳಸದ ಸೂಚನೆಗಳನ್ನು ಕಂಪೈಲ್ ಮಾಡೋಕೆ ಅದೇ ಬೆವರು ಸುರಿಸಬೇಕು! ಒಟ್ಟಿಗೆ ಎರಡೇ ಕೆಲಸ ಅಂತ ಇಳಿಸಿದ ಮೇಲೆ ನಿಧಾನಕ್ಕೆ ಸಾಗಿತು.

ಶೇಕಡಾ ಅರವತ್ತೋ ಎಪ್ಪತ್ತೋ ಆಗಿದ್ದಾಗ ಕರೆಂಟ್ ಹೋಯಿತು. ಎಲ್ಲೋ ಲೈನಿನ ಮೇಲೆ ಮರ ಬಿದ್ದಿತ್ತು. ಲ್ಯಾಪ್‌ಟಾಪಿನ ಬ್ಯಾಟರಿ ತೀರಿಕೊಂಡು ಕಾಲವಾಗಿದೆ, ಸೀದಾ ಕತ್ತಲು. ಮೇಕ್‌ನ ಒಳ್ಳೆಯ ಗುಣ ಅಂದರೆ ಮತ್ತೆ ಶುರು ಮಾಡಿದಾಗ ಮುಗಿದದ್ದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಮಾಡುತ್ತದೆ. ಆದರೆ ಕರೆಂಟ್ ಹೋದ ಕ್ಷಣದಲ್ಲಿ ಬರೆಯುತ್ತಿದ್ದ ಆಬ್ಜೆಕ್ಟ್ ಫೈಲು, ಅಂದರೆ ಕಂಪೈಲ್ ಆದ ಒಂದು ತುಂಡು, ಸೊನ್ನೆ ಬೈಟಿನದ್ದಾಗಿ ಉಳಿಯಬಹುದು. ಹೆಸರಿದೆ, ದಿನಾಂಕ ಹೊಸದಿದೆ, ಹೊಟ್ಟೆಯಲ್ಲಿ ಏನೂ ಇಲ್ಲ. ಮೇಕ್ ದಿನಾಂಕ ನೋಡಿ ಇದು ಮುಗಿದಿದೆ ಅಂತ ಮುಂದೆ ಹೋಗುತ್ತದೆ. ಕೊನೆಯಲ್ಲಿ ಎಲ್ಲವನ್ನೂ ಜೋಡಿಸುವ ಲಿಂಕರ್ ಬಂದು ಈ ಫೈಲಿನ ಗುರುತು ಸಿಗುತ್ತಿಲ್ಲ ಅಂತ ನಿಲ್ಲುತ್ತದೆ. ನನಗೂ ಹಾಗೇ ಆಯಿತು. ಫೈಂಡ್ ಕಮಾಂಡಿನಲ್ಲಿ ಸೊನ್ನೆ ಗಾತ್ರದ ಆಬ್ಜೆಕ್ಟ್ ಫೈಲುಗಳನ್ನು ಹುಡುಕಿ ಅಳಿಸಿ ಮತ್ತೆ ಮೇಕ್ ಕೊಟ್ಟೆ. ಬೆಂಗಳೂರಿನ ಡೇಟಾ ಸೆಂಟರ್‌ನಲ್ಲಿ ಬಿಲ್ಡ್ ಮಾಡುವವರಿಗೆ ಇದು ಗೊತ್ತಾಗುವ ಸಂಭವವೇ ಇಲ್ಲ. ಮಲೆನಾಡಿನಲ್ಲಿ ಕೂತವರು ಇದನ್ನು ಬರೆದಿಟ್ಟುಕೊಳ್ಳಬೇಕು.

ಕೊನೆಗೂ ಮುಗಿದು, ಇನ್‌ಸ್ಟಾಲ್ ಮಾಡಿ, ಜೆಎಕ್ಸ್‌ಎಲ್ ಮಾಡಿಕೊಡುವ ಪ್ರೋಗ್ರಾಮನ್ನು ಸಿಜೆಎಕ್ಸ್‌ಎಲ್ ಅಂತ ಕರೆದರೆ ಲಿಬ್‌ಜೆಎಕ್ಸ್‌ಎಲ್‌ನ ಷೇರ್ಡ್ ಲೈಬ್ರರಿ ಸಿಗುತ್ತಿಲ್ಲ ಅಂದಿತು. ಫೈಲು ಯೂಸರ್-ಲೋಕಲ್ ಫೋಲ್ಡರಿನಲ್ಲಿ ಕಣ್ಣೆದುರೇ ಇದೆ. ಎಲ್‌ಡಿಕಾನ್ಫಿಗ್ ಓಡಿಸಿದರೆ ಸರಿಹೋಗುತ್ತದೆ, ಇದು ಹಳೇ ಕಿರಿಕಿರಿ. ಆದರೆ ನನ್ನ ಉದ್ದೇಶಕ್ಕೆ ಈ ಹಂಚಿಕೊಳ್ಳುವ ಲೈಬ್ರರಿಯ ಸಹವಾಸವೇ ಬೇಡ ಅನ್ನಿಸಿತು. ಸ್ಟ್ಯಾಟಿಕ್ ಅಂತ ಹೇಳಿ ಇನ್ನೊಂದು ಬಿಲ್ಡ್ ಮಾಡಿದೆ. ಫೈಲು ದಪ್ಪ ಆಗುತ್ತದೆ, ಆದರೆ ಬೇಕಾದ್ದೆಲ್ಲ ಅದರೊಳಗೇ ಇರುತ್ತದೆ. ಅದೇ ಬಗೆಯ ಬೇರೆ ಲಿನಕ್ಸ್ ಮಷೀನಿಗೆ ಕಾಪಿ ಮಾಡಿದರೆ ಸೀದಾ ಓಡುತ್ತದೆ. ಡಿಸ್ಕಿನಲ್ಲಿ ಅದನ್ನೂ ಹಾಕಿದೆ. ಬಿಲ್ಡ್ ಮಾಡೋಕೆ ಪುರುಸೊತ್ತಿಲ್ಲದವರಿಗೆ ಅದು, ಅದು ಓಡದಿದ್ದರೆ ಸೋರ್ಸು.

ಇನ್ನು ಪರೀಕ್ಷೆ. ಅಕ್ಕನ ಮಗಳು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳ ಕೈಗೆ ಡಿಸ್ಕ್ ಕೊಟ್ಟೆ. 'ಓದಿ' ಅಂತ ಹೆಸರಿಟ್ಟ ಒಂದು ಟೆಕ್ಸ್ಟ್ ಫೈಲ್ ಅದರಲ್ಲಿ ಇದೆ, ಕನ್ನಡದಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಷರತ್ತು ಇಷ್ಟೇ: ವೈಫೈ ಬಂದ್, ಫೋನ್ ಬಂದ್, ನನಗೆ ಕೇಳುವ ಹಾಗಿಲ್ಲ.

ಐದೇ ನಿಮಿಷಕ್ಕೆ ಒಳಗಿನಿಂದ ಕೂಗಿದಳು. "ಮಾಮ, ಕೇಳಬಾರದು ಅಂತ ಗೊತ್ತು. ಆದ್ರೆ ಇದರಲ್ಲಿ ಸಿಮೇಕೇ ಇಲ್ಲ. ಕಂಪೈಲರೂ ಇಲ್ಲ. ಎಲ್ಲಿಂದ ತರ್ಲಿ?"

ಪ್ರಶ್ನೆ ಸರಿಯಾಗೇ ಇತ್ತು. ಸೋರ್ಸ್ ಇಟ್ಟರೆ ಸಾಲದು, ಅದನ್ನು ಕಟ್ಟುವ ಉಪಕರಣವೂ ಬೇಕು. ಉಪಕರಣ ಓಡೋಕೆ ಆಪರೇಟಿಂಗ್ ಸಿಸ್ಟಂ ಬೇಕು. ಆಪರೇಟಿಂಗ್ ಸಿಸ್ಟಂ ಓಡೋಕೆ ಅಂಥದ್ದೇ ಮಷೀನ್ ಬೇಕು. ಕಂಪೈಲರನ್ನು ಸೋರ್ಸಿನಿಂದ ಕಟ್ಟಬೇಕಾದರೆ ಇನ್ನೊಂದು ಕಂಪೈಲರ್ ಬೇಕು. ಎಲ್ಲಿಗೆ ನಿಲ್ಲಿಸೋದು? ನಾನು ನಿಲ್ಲಿಸಿದ್ದು ಡೆಬಿಯನ್‌ಗೆ. ಅದರ ಇನ್‌ಸ್ಟಾಲ್ ಇಮೇಜನ್ನು ಡಿಸ್ಕಿಗೆ ಹಾಕಿದೆ. ಆಮೇಲೆ ಕಂಪೈಲರ್, ಸಿಮೇಕ್ ಮತ್ತು ಅವಕ್ಕೆ ಬೇಕಾದ ಪ್ಯಾಕೇಜುಗಳನ್ನು ಬರೀ ಡೌನ್‌ಲೋಡ್ ಮಾಡು, ಇನ್‌ಸ್ಟಾಲ್ ಮಾಡಬೇಡ ಅಂತ ಡೆಬಿಯನ್‌ನಲ್ಲಿ ಪ್ಯಾಕೇಜು ತರುವ ಆಪ್ಟ್‌ಗೆ ಹೇಳಿ, ಅದು ಇಳಿಸಿಟ್ಟುಕೊಂಡ ಡೆಬ್ ಫೈಲುಗಳನ್ನೂ ಒಂದು ಫೋಲ್ಡರಿಗೆ ಹಾಕಿದೆ. ಇಷ್ಟಕ್ಕೆ ಹಿಡಿದ ಜಾಗ, ಒತ್ತಿದ್ದರಿಂದ ಉಳಿದ ಜಾಗದಲ್ಲಿ ಒಂದು ಸಣ್ಣ ಪಾಲು. ಲೆಕ್ಕ ಮಾಡಿ ದೊಡ್ಡಪ್ಪನಿಗೆ ಹೇಳಿದರೆ ಅವರು ನಕ್ಕರು. "ಮನೆ ಸಾಮಾನಿನ ಜೊತೆ ಬಡಗಿಯನ್ನೂ ಕಟ್ಟಿಕೊಂಡು ಹೊರಟೆ ಅನ್ನು."

ಇಷ್ಟೆಲ್ಲ ಮಾಡಿಯೂ ಒಂದು ವಿಷಯದಲ್ಲಿ ನಾನು ಹೆದರುಪುಕ್ಕಲ. ಮೂರು ಕಾಪಿಯಲ್ಲಿ ಎರಡನ್ನು ಮಾತ್ರ ಜೆಎಕ್ಸ್‌ಎಲ್ ಮಾಡಿದೆ. ಬೆಂಗಳೂರಿನದ್ದು ಹಳೇ ಜೆಪೆಗ್ ಆಗಿಯೇ ಇದೆ. ಒಂದು ಡಿಸ್ಕ್ ಖರ್ಚು ಹೆಚ್ಚಾಯಿತು, ಪರವಾಗಿಲ್ಲ. ವಾಟ್ಸಾಪಿನಲ್ಲಿ ಯಾರಾದರೂ ಫೋಟೋ ಕೇಳಿದರೆ ಡಿಜೆಎಕ್ಸ್‌ಎಲ್ ಓಡಿಸಿ ಜೆಪೆಗ್ ಮಾಡಿ ಕಳಿಸುತ್ತೇನೆ. ವಾಟ್ಸಾಪ್ ಅದನ್ನು ತನ್ನ ಪಾಡಿಗೆ ಇನ್ನೊಮ್ಮೆ ಒತ್ತಿ ಹಾಳು ಮಾಡುತ್ತದೆ, ಅದಕ್ಕೆ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಬೇಕು. ಇದನ್ನು ನಮ್ಮ ಕುಟುಂಬದ ಗುಂಪಿನಲ್ಲಿ ಎಷ್ಟು ಸಲ ಹೇಳಿದರೂ ಪ್ರಯೋಜನ ಆಗಿಲ್ಲ.

ಡೆಬ್ ಫೈಲುಗಳು ಸೇರಿದ ಮೇಲೆ ಅಕ್ಕನ ಮಗಳು ಇನ್ನೊಮ್ಮೆ ಕೂತಳು. ಈ ಸಲ ನನ್ನನ್ನು ಕೂಗಲಿಲ್ಲ. ಸಂಜೆ ಹೊತ್ತಿಗೆ ಹೊಲಿಗೆ ಯಂತ್ರದ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು, ತಾನೇ ಬಿಲ್ಡ್ ಮಾಡಿದ ಡಿಜೆಎಕ್ಸ್‌ಎಲ್‌ನಿಂದ ಮದುವೆ ಫೋಟೋ ತೆಗೆದು ಅವಳ ಅಮ್ಮನಿಗೆ ತೋರಿಸುತ್ತಿದ್ದಳು. ಆಮೇಲೆ ನನ್ನ 'ಓದಿ' ಫೈಲನ್ನು ತಿದ್ದಿ ಕಳಿಸಿದಳು. ನಾನು ಬರೆದಿದ್ದ ಪೀಠಿಕೆಯ ಎರಡು ಪ್ಯಾರಾ ಹೊಡೆದುಹಾಕಿದ್ದಾಳೆ. "ಇದನ್ನ ಯಾರೂ ಓದಲ್ಲ ಮಾಮ" ಅಂತ ಪಕ್ಕದಲ್ಲಿ ಟಿಪ್ಪಣಿ. ಸೊನ್ನೆ ಬೈಟಿನ ಫೈಲಿನ ವಿಷಯವನ್ನು ಕೆಳಗಿನಿಂದ ಮೇಲಕ್ಕೆ ತಂದಿದ್ದಾಳೆ. ಕೊನೆಗೆ ತನ್ನದೊಂದು ಹೆಜ್ಜೆ ಸೇರಿಸಿದ್ದಾಳೆ: ವಿಂಡೋಸ್ ಮಾತ್ರ ಇರುವವರು ಮೊದಲು ಅದರೊಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಹಾಕಿಕೊಳ್ಳಬೇಕು, ಅದಕ್ಕೆ ನೆಟ್ ಬೇಕು, ಹಾಗಾಗಿ ವಿಂಡೋಸಿಗೆ ಅಂತ ಬಿಲ್ಡ್ ಮಾಡಿದ ಪ್ರೋಗ್ರಾಮನ್ನೂ ಡಿಸ್ಕಿನಲ್ಲಿ ಇಡಿ. ಅದನ್ನು ಬಿಲ್ಡ್ ಮಾಡುವ ಕೆಲಸ ಅವಳಿಗೇ ಒಪ್ಪಿಸಿದ್ದೇನೆ. ಪರೀಕ್ಷೆ ಮುಗಿದ ಮೇಲೆ ಮಾಡುತ್ತಾಳಂತೆ.